ಕೈಯಚ್ಚಿನ ಶುಭಾಶಯ

೧೮೪೩ರಲ್ಲಿ ಲಂಡನ್ನಿನ ಹೆನ್ರಿ ಕೋಲನು ಕ್ರಿಸ್‌ಮಸ್ ಶುಭಾಶಯ ಪತ್ರಗಳನ್ನು ಅಚ್ಚು ಹಾಕಿಸಿದನು. ಷಿಲಿಂಗಿಗೊಂದರಂತೆ ಅವು ಮಾರಾಟವಾದುವು. ಹಾರೈಕೆಯೂ ಅಂಗಡಿಯ ಸರಕಾಯಿತು. ಈಗಂತೂ ಮೊಬೈಲಿಗೆ ಬಂದ ಚಿತ್ರವನ್ನೇ ನೂರು ಮಂದಿಗೆ ದಾಟಿಸಿ ಹಬ್ಬ ಮುಗಿಸುತ್ತೇವೆ. ನೂರು ಮಂದಿಗೂ ಒಂದೇ ಮಾತಾದರೆ, ಅದು ಯಾರಿಗೆ ಹೇಳಿದ ಮಾತು?

ಪತ್ರವನ್ನು ಕೈಯಾರೆ ಮಾಡುವುದು ಕಷ್ಟವೇನಲ್ಲ. ಆಲೂಗೆಡ್ಡೆಯ ಹೋಳಿನ ಮೇಲೆ ಮಾವಿನೆಲೆಯೊಂದು ಉಬ್ಬಿ ನಿಲ್ಲುವಂತೆ ಸುತ್ತಲೂ ಕೆತ್ತಿ, ತೇವ ಒರೆಸಿ, ಬಣ್ಣ ಸವರಿ, ಮಡಿಸಿದ ದಪ್ಪ ಕಾಗದದ ಮೇಲೆ ಸಾಲಾಗಿ ಒತ್ತಿದರೆ ಯುಗಾದಿಯ ತೋರಣ ಸಿದ್ಧ! ಅಕ್ಷರವನ್ನಾದರೆ ಕನ್ನಡಿಯ ಬಿಂಬದಂತೆ ತಿರುವಿ ಕೆತ್ತಬೇಕು. ಅಷ್ಟು ಹೊತ್ತೂ ಮನಸ್ಸಿನಲ್ಲಿ ಆ ಒಬ್ಬ ಗೆಳೆಯನೇ ಇರುತ್ತಾನೆ. ಬಣ್ಣ ಒಂದೆಡೆ ತೆಳುವಾದರೂ ಚಿಂತೆಯಿಲ್ಲ. ಅದು ಕೈಯ ಗುರುತು. ಚೆಲುವಿಗಲ್ಲ, ಆ ಗುರುತಿಗಾಗಿಯೇ, ಮಿತ್ರರೆ, ವರ್ಷಕ್ಕೊಂದಾದರೂ ಪತ್ರವನ್ನು ನಾವೇ ಮಾಡಬೇಕು.