ಯೋಧನಿಗೊಂದು ನ್ಯಾಯ, ಮಾಂತ್ರಿಕನಿಗೊಂದು ನ್ಯಾಯ

ಮೇಜಿನ ಸುತ್ತ ಕುಳಿತು ಆಡುವ ಅದ್ಭುತಲೋಕದ ಪಾತ್ರಧಾರಣೆಯ ಆಟಗಳಲ್ಲಿ ವಿವಿಧ ಪಾತ್ರವರ್ಗಗಳ ಬಲಾಬಲವನ್ನು ಸಮಗೊಳಿಸುವುದು ಹೇಗೆಂಬ ಪ್ರಶ್ನೆಯು ಆ ಆಟಗಳಷ್ಟೇ ಹಳೆಯದು. ಐವತ್ತು ವರ್ಷಗಳಿಗೂ ಮೇಲ್ಪಟ್ಟು ಈ ವಾದ ನಡೆದು ಬಂದಿದೆ. ನಿಯಮಗ್ರಂಥಗಳು ಒಂದರ ಬಳಿಕ ಒಂದರಂತೆ ಪರಿಷ್ಕೃತವಾಗಿವೆ. ವಾದ ಮಾತ್ರ ಮುಗಿದಿಲ್ಲ. ಅಳೆಯಬೇಕಾದುದನ್ನು ಬಿಟ್ಟು ಬೇರೊಂದನ್ನು ಅಳೆಯುತ್ತ ಬಂದಿರುವುದೇ ಇದಕ್ಕೆ ಕಾರಣವೆಂದು ನಮ್ಮ ಮತ.

ಆಟದ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ನಾಲ್ಕೈದು ಮಂದಿ ಒಂದೆಡೆ ಸೇರುತ್ತಾರೆ. ಒಬ್ಬರು ಸೂತ್ರಧಾರರಾಗಿ ಕಥೆಯ ಲೋಕವನ್ನು ಬಣ್ಣಿಸುತ್ತಾರೆ. ಉಳಿದವರು ತಲಾ ಒಂದೊಂದು ಪಾತ್ರವನ್ನು ವಹಿಸಿಕೊಂಡು, ತಮ್ಮ ಪಾತ್ರವು ಏನು ಮಾಡುವುದೆಂದು ಹೇಳುತ್ತಾರೆ. ಫಲಿತವು ಅನಿಶ್ಚಿತವಾದಲ್ಲಿ ದಾಳ ಉರುಳಿಸಿ ನಿರ್ಣಯಿಸುತ್ತಾರೆ. ಪ್ರತಿ ಪಾತ್ರಕ್ಕೂ ಒಂದು ವರ್ಗವುಂಟು: ಯೋಧ, ಮಾಂತ್ರಿಕ, ದೈವಭಕ್ತನಾದ ಕ್ಲೆರಿಕ್, ಕಳ್ಳ ಇತ್ಯಾದಿ. ಈ ಬಗೆಯ ಆಟಗಳಲ್ಲಿ ಮೊದಲನೆಯದಾಗಿ ಅಚ್ಚಾಗಿ ಮಾರಾಟಕ್ಕೆ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಲೇಕ್ ಜಿನೀವಾ ಎಂಬ ಊರಿನಿಂದ ಪ್ರಕಟವಾಯಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದರ ಕರ್ತೃಗಳು. ನಮ್ಮ ಮಹಾನಗರಗಳ ಯುವಜನರಲ್ಲಿಯೂ ಇದನ್ನು ಆಡುವವರಿದ್ದಾರೆ. ಆದುದರಿಂದ ಇದು ಪರದೇಶದವರ ವಿನೋದ, ನಮಗೇಕೆ ಎನ್ನುವಂತಿಲ್ಲ.

ತೊಡಕಿನ ಮೂಲ ಇಷ್ಟೆ. ಯೋಧನ ಕೈಯಲ್ಲಿರುವುದು ಕತ್ತಿ. ಅನುಭವ ಬೆಳೆದಂತೆ ಅವನು ಅದೇ ಕತ್ತಿಯನ್ನು ಇನ್ನಷ್ಟು ಚೆನ್ನಾಗಿ ಬೀಸುತ್ತಾನೆ. ಮಾಂತ್ರಿಕನಾದರೋ ಮಟ್ಟ ಏರಿದಂತೆ ಹೊಸ ಮಂತ್ರಗಳನ್ನೂ ಕಲಿಯುತ್ತಾನೆ, ಹೆಚ್ಚು ಬಾರಿ ಪ್ರಯೋಗಿಸಲೂ ಬಲ್ಲವನಾಗುತ್ತಾನೆ, ಹಳೆಯ ಮಂತ್ರಗಳ ತೀಕ್ಷ್ಣತೆಯೂ ಹೆಚ್ಚುತ್ತದೆ. ಒಬ್ಬನದು ಕೂಡಿಕೆಯ ಲೆಕ್ಕ, ಮತ್ತೊಬ್ಬನದು ಗುಣಾಕಾರದ ಲೆಕ್ಕ. ಒಬ್ಬನು ಬಾಗಿಲು ಒಡೆಯುವ ಹೊತ್ತಿಗೆ ಇನ್ನೊಬ್ಬನು ಅದೃಶ್ಯನಾಗಿ, ಆಕಾಶದಲ್ಲಿ ಹಾರಿ, ಗೋಡೆಯನ್ನೇ ದಾಟಿ ಹೋಗಿರುತ್ತಾನೆ.

ಆದಿಯ ಕರ್ತೃಗಳಿಗೆ ಇದು ತಿಳಿಯದಿರಲಿಲ್ಲ. 1978ರ ಆಟಗಾರರ ಕೈಪಿಡಿಯನ್ನು ತೆರೆದರೆ ಅವರು ಇಟ್ಟ ಕಡಿವಾಣಗಳು ಕಾಣುತ್ತವೆ. ಪೆಟ್ಟು ತಾಳುವ ಶಕ್ತಿಗಾಗಿ ಯೋಧನು ಹತ್ತು ಮುಖದ ದಾಳವನ್ನು ಎಸೆದರೆ ಮಾಂತ್ರಿಕನಿಗೆ ನಾಲ್ಕು ಮುಖದ್ದೇ ಗತಿ. ಮೊದಲ ಮಟ್ಟದಲ್ಲಿ ಅವನಿಗೆ ದಿನಕ್ಕೆ ಒಂದೇ ಮಂತ್ರ, ಕವಚ ತೊಡುವಂತಿಲ್ಲ, ಮಂತ್ರ ಹೇಳುವಾಗ ಪೆಟ್ಟು ಬಿದ್ದರೆ ಮಂತ್ರ ವ್ಯರ್ಥ. ಎರಡನೆಯ ಮಟ್ಟಕ್ಕೆ ಏರಲು ಕಳ್ಳನಿಗೆ 1,251 ಅನುಭವಾಂಕಗಳು ಸಾಕು, ಯೋಧನಿಗೆ 2,001 ಬೇಕು, ಮಾಂತ್ರಿಕನಿಗೆ 2,501. ಬಾಲ್ಯದಲ್ಲಿ ಕಷ್ಟಪಟ್ಟವನು ಪ್ರೌಢಿಯಲ್ಲಿ ಸುಖಪಡಲಿ ಎಂಬ ಏರ್ಪಾಡು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಅದೇ ಗ್ರಂಥದ ಕೋಷ್ಟಕವನ್ನು ಕೆಳಗಿನವರೆಗೆ ಓದಿದರೆ ಒಂದು ಸೋಜಿಗ ಕಾಣುವುದು: ಏಳನೆಯ ಮಟ್ಟ ತಲಪಲು ಯೋಧನಿಗೆ 70,001 ಅಂಕಗಳು ಬೇಕಾದರೆ ಮಾಂತ್ರಿಕನಿಗೆ 60,001 ಸಾಕು! ಕಡಿವಾಣವು ಬೇಕಾದ ಹೊತ್ತಿಗೇ ಸಡಿಲಿತು. ಅಲ್ಲದೆ, ಆರು ತಿಂಗಳ ಬಳಿಕ ಸಿಗುವ ವೈಭವಕ್ಕಾಗಿ ಇಂದು ಸಂಜೆಯೆಲ್ಲ ಸುಮ್ಮನೆ ಕೂರಬೇಕು ಎಂಬುದು ಆಟದಲ್ಲಿ ಒಪ್ಪತಕ್ಕ ಮಾತಲ್ಲ. ಆಟಗಾರರು ಊರು ಬಿಡುತ್ತಾರೆ, ಉದ್ಯೋಗ ಬದಲಿಸುತ್ತಾರೆ, ಮಂಡಲಿ ಚದುರುತ್ತದೆ. ಕಥೆಯು ಉತ್ತರಾರ್ಧವನ್ನು ಕಾಣುವುದೇ ಅಪರೂಪ.

2000ದಲ್ಲಿ ಬಂದ ಮೂರನೆಯ ಆವೃತ್ತಿಯು ಎಲ್ಲ ವರ್ಗಗಳಿಗೂ ಒಂದೇ ಅನುಭವಾಂಕ ಕೋಷ್ಟಕವನ್ನು ಗೊತ್ತುಮಾಡಿತು. ಸರಳವಾಯಿತು, ನಿಜ. ಆದರೆ ಹಳೆಯ ಕಡಿವಾಣಗಳನ್ನು ಕಳಚಿದ ಮೇಲೆ ಕುದುರೆ ನಿಂತೀತೆ? ಮಾಂತ್ರಿಕನಷ್ಟೇ ಅಲ್ಲದೆ ಕ್ಲೆರಿಕ್, ಡ್ರೂಯಿಡ್ ಮೊದಲಾದವರೂ ಯೋಧನನ್ನು ಅವನ ಸ್ವಂತ ಕೆಲಸದಲ್ಲೇ ಮೀರಿಸಿದರು. ಡ್ರೂಯಿಡನೊಡನೆ ಬರುವ ಸಾಕುಪ್ರಾಣಿಯೇ ಯೋಧನಿಗೆ ಸಮನೆಂದು ಆಟಗಾರರು ನಗೆಯಾಡತೊಡಗಿದರು. ನಗೆಯಾಡಿದವರಲ್ಲಿ ಯೋಧರ ಪಾತ್ರ ವಹಿಸಿದವರು ಎಷ್ಟು ಮಂದಿಯೋ!

2008ರ ನಾಲ್ಕನೆಯ ಆವೃತ್ತಿ ಮತ್ತೊಂದು ತುದಿಗೆ ಹೋಯಿತು. ಪ್ರತಿ ವರ್ಗಕ್ಕೂ ಒಂದೇ ಅಚ್ಚು: ಬೇಕೆಂದಾಗ ಬಳಸುವ ಶಕ್ತಿ ಕೆಲವು, ಕಾಳಗಕ್ಕೊಮ್ಮೆ ಬಳಸುವವು ಕೆಲವು, ದಿನಕ್ಕೊಮ್ಮೆ ಬಳಸುವವು ಕೆಲವು. ಲೆಕ್ಕದ ದೃಷ್ಟಿಯಿಂದ ಇಷ್ಟು ಸಮತೋಲ ಅದಕ್ಕೆ ಮುಂಚೆಯೂ ಇರಲಿಲ್ಲ, ಆಮೇಲೆಯೂ ಬರಲಿಲ್ಲವೆಂದು ನಾವು ಧೈರ್ಯವಾಗಿ ಹೇಳುತ್ತೇವೆ. ಆ ಆವೃತ್ತಿಗೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ ಎಂಬುದೂ ನಮ್ಮ ಮಾತು. ಆದರೂ ಅನೇಕರು ಮುಖ ತಿರುಗಿಸಿದರು. ಕತ್ತಿಯೂ ಮಂತ್ರವೂ ಕಾಗದದ ಮೇಲೆ ಒಂದೇ ಬಗೆಯಾಗಿ ಕಂಡರೆ ಮಾಂತ್ರಿಕನಾಗಿ ಏನು ಸುಖ, ಯೋಧನಾಗಿ ಏನು ಸುಖ ಎಂಬುದು ಅವರ ಆಕ್ಷೇಪ. ಅದರಲ್ಲಿ ಹುರುಳಿಲ್ಲದಿಲ್ಲ.

ಹಾಗಾದರೆ ಅಳೆಯಬೇಕಾದುದು ಏನು? ಬಲವನ್ನಲ್ಲ, ಪಾಲನ್ನು. ರಜೆಯ ದಿನ ನಾಲ್ಕು ಗಂಟೆ ಹೊತ್ತು ಮಾಡಿಕೊಂಡು, ರೈಲಿನಲ್ಲಿ ನಗರದ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಬಂದ ಆಟಗಾರನಿಗೆ, ಕಥೆಯ ಗತಿ ತನ್ನ ಕೈಯಿಂದ ತಿರುಗಿದ ಗಳಿಗೆಗಳು ಎಷ್ಟು ದೊರೆತವು? ಒಂದೂ ಇಲ್ಲವಾದರೆ ಅವನು ಮುಂದಿನ ವಾರ ಬರಲಾರ, ಕಾರಣವನ್ನೂ ಹೇಳಲಾರ. ಯಕ್ಷಗಾನವನ್ನು ಬಲ್ಲ ನಮ್ಮ ವಾಚಕರಿಗೆ ಇದು ಹೊಸ ವಿಚಾರವಲ್ಲ. ಬಣ್ಣದ ವೇಷವು ರಂಗದಲ್ಲಿರುವ ಹೊತ್ತು ಸ್ವಲ್ಪವೇ. ಆದರೆ ಅದು ಬಂದಾಗ ಬೇರೆಡೆಗೆ ಕಣ್ಣು ಹೋಗದು. ಹಾಸ್ಯಗಾರನಿಗೆ ಕಿರೀಟವಿಲ್ಲ, ಇಡೀ ರಾತ್ರಿ ಅವನಿಗೆ ಕೆಲಸವುಂಟು. ಇವರಿಬ್ಬರನ್ನು ತಕ್ಕಡಿಯಲ್ಲಿಟ್ಟು ತೂಗಿದವರನ್ನು ನಾವು ಕಂಡಿಲ್ಲ.

ಈ ಸತ್ಯವನ್ನು ಕಂಡುಕೊಂಡ ಆಟಗಳೂ ಇವೆ. 1987ರಲ್ಲಿ ಜೊನಾಥನ್ ಟ್ವೀಟ್ ಮತ್ತು ಮಾರ್ಕ್ ರೈನ್-ಹೇಗನ್ ರಚಿಸಿದ ‘ಆರ್ಸ್ ಮ್ಯಾಜಿಕಾ’ದಲ್ಲಿ ಮಾಂತ್ರಿಕರು ಉಳಿದವರಿಗಿಂತ ಬಹುಪಾಲು ಬಲಿಷ್ಠರೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳಲಾಗಿದೆ. ಪರಿಹಾರ ಬೇರೆ ಬಗೆಯದು: ಪ್ರತಿಯೊಬ್ಬ ಆಟಗಾರನೂ ಒಬ್ಬ ಮಾಂತ್ರಿಕನನ್ನೂ ಒಬ್ಬ ಸಂಗಡಿಗನನ್ನೂ ಇಟ್ಟುಕೊಂಡಿರುತ್ತಾನೆ, ಕಾವಲಿನ ಭಟರು ಎಲ್ಲರಿಗೂ ಸೇರಿದವರು. ಇಂದು ಒಬ್ಬನ ಮಾಂತ್ರಿಕ ಹೊರಟರೆ ಉಳಿದವರು ಸಂಗಡಿಗರಾಗಿ, ಭಟರಾಗಿ ಜೊತೆಗೂಡುತ್ತಾರೆ. ನಾಳೆ ಸರದಿ ಬದಲಾಗುತ್ತದೆ. ಇದೇ ಟ್ವೀಟ್ ಅವರು ಮುಂದೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಮೂರನೆಯ ಆವೃತ್ತಿಯ ಕರ್ತೃಗಳಲ್ಲಿ ಒಬ್ಬರಾದುದು ಒಂದು ವಿನೋದ. 2002ರಲ್ಲಿ ಬಂದ ‘ಬಫಿ’ ಎಂಬ ದೂರದರ್ಶನ ಕಥಾಮಾಲಿಕೆಯ ಆಟದಲ್ಲಿ, ರಾಕ್ಷಸರನ್ನು ಸದೆಬಡಿಯುವ ನಾಯಕಿಗೆ ಆರಂಭದಲ್ಲಿ ಹತ್ತು ‘ನಾಟಕಾಂಕ’ಗಳಿದ್ದರೆ ಸಾಮಾನ್ಯರಾದ ಅವಳ ಗೆಳೆಯರಿಗೆ ಇಪ್ಪತ್ತು. ಆ ಅಂಕಗಳನ್ನು ತೆತ್ತು ಆಟಗಾರನು ಕಥೆಗೇ ಹೊಸ ತಿರುವು ಕೊಡಬಹುದು. ಬಲ ಒಬ್ಬಳಿಗೆ, ಕಥೆಯ ಮೇಲಿನ ಹಿಡಿತ ಮತ್ತೊಬ್ಬರಿಗೆ. ನಮಗೆ ಇದು ಬಹಳ ಮೆಚ್ಚಿಗೆಯಾದ ಉಪಾಯ.

ಇನ್ನು 2014ರ ಐದನೆಯ ಆವೃತ್ತಿಯ ಮಾತು. ಇಲ್ಲಿ ಕೆಡುವುದು ವರ್ಗದಲ್ಲಲ್ಲ, ಗಡಿಯಾರದಲ್ಲಿ. ಮಾಂತ್ರಿಕನ ಮಂತ್ರಶಕ್ತಿಯೆಲ್ಲ ಮರಳಿ ತುಂಬಲು ಎಂಟು ಗಂಟೆಗಳ ದೀರ್ಘ ವಿಶ್ರಾಂತಿ ಬೇಕು. ಯೋಧನ ಕಸುಬಿನ ಮುಖ್ಯ ಉಪಾಯಗಳು ಒಂದು ಗಂಟೆಯ ವಿಶ್ರಾಂತಿಯಲ್ಲೇ ಮರಳುತ್ತವೆ; ಅವನ ಕತ್ತಿಗಂತೂ ವಿಶ್ರಾಂತಿಯೇ ಬೇಡ. ಸೂತ್ರಧಾರರ ಕೈಪಿಡಿಯು ಒಂದು ದಿನದಲ್ಲಿ ಆರರಿಂದ ಎಂಟು ಸಾಮಾನ್ಯ ಅಥವಾ ಕಠಿಣ ಮುಖಾಮುಖಿಗಳನ್ನು ಎಣಿಸಿಕೊಂಡು ಲೆಕ್ಕ ಹಾಕಿತ್ತು. ಹಾಗೆ ಆಡಿದರೆ ಐದನೆಯ ಮುಖಾಮುಖಿಯ ವೇಳೆಗೆ ಮಾಂತ್ರಿಕನ ಬತ್ತಳಿಕೆ ಬರಿದಾಗಿ, ಎಲ್ಲರೂ ಯೋಧನ ಬೆನ್ನ ಹಿಂದೆ ನಿಲ್ಲುವ ಕಾಲ ಬರುತ್ತದೆ. ಆದರೆ ಹೀಗೆ ಆಡುವವರು ಯಾರು? ಒಂದು ಸಂಜೆಗೆ ಒಂದೆರಡು ಕಾಳಗ ಮುಗಿಯುವಷ್ಟರಲ್ಲಿ ಕೊನೆಯ ರೈಲಿನ ಹೊತ್ತಾಗಿರುತ್ತದೆ. ಪಾತ್ರಗಳು ಮಲಗಿ ಏಳುತ್ತವೆ. ಮಾಂತ್ರಿಕನು ಎಲ್ಲ ಮಂತ್ರಗಳನ್ನೂ ಒಂದೇ ಕಾಳಗದಲ್ಲಿ ಸುರಿದು ಮೆರೆಯುತ್ತಾನೆ. ಆಟಗಾರರು ಇದಕ್ಕೆ ‘ಹದಿನೈದು ನಿಮಿಷದ ದಿನ’ ಎಂದು ಹೆಸರಿಟ್ಟಿದ್ದಾರೆ. ಇದರ ಹೊಣೆಯನ್ನು ಗ್ರಂಥಕರ್ತರ ಮೇಲೆ ಮಾತ್ರ ಹೊರಿಸುವುದು ಸರಿಯಲ್ಲ. ಪಾತ್ರಗಳನ್ನು ಯಾವಾಗ ಮಲಗಗೊಡಬೇಕು ಎಂಬುದು ಸೂತ್ರಧಾರನ ಕೈಯಲ್ಲಿದೆ.

ಗೆಳೆಯರ ನಡುವೆ ಲೆಕ್ಕಾಚಾರವೇಕೆ, ಸಮತೋಲ ಬೇಕಾದುದು ಪಂದ್ಯಗಳಿಗೆ, ಒಟ್ಟಾಗಿ ಕಥೆ ಕಟ್ಟುವವರಿಗಲ್ಲ ಎನ್ನುವವರಿದ್ದಾರೆ. ಅವರಲ್ಲಿ ಹೆಚ್ಚಿನವರು ಮಾಂತ್ರಿಕನ ಪಾತ್ರ ವಹಿಸುವವರೆಂದು ನಮ್ಮ ಗುಮಾನಿ. ಒಟ್ಟಾಗಿ ಕಟ್ಟುವ ಕಥೆಯಲ್ಲಿ ಒಬ್ಬನೇ ಕಟ್ಟುತ್ತಿದ್ದರೆ ಉಳಿದವರನ್ನು ಪ್ರೇಕ್ಷಕರೆನ್ನಬೇಕಲ್ಲದೆ ಆಟಗಾರರೆನ್ನಲಾಗದು.

ಕಳ್ಳನ ಬೀಗದ ದೃಷ್ಟಾಂತವನ್ನು ನೋಡಿ. 1978ರ ಕೈಪಿಡಿಯಂತೆ ಮೊದಲ ಮಟ್ಟದ ಕಳ್ಳನು ಬೀಗ ತೆರೆಯುವ ಸಂಭವ ನೂರಕ್ಕೆ ಮೂಲತಃ 25. ಮಾಂತ್ರಿಕನ ಎರಡನೆಯ ದರ್ಜೆಯ ಒಂದು ಮಂತ್ರಕ್ಕೆ ಅದೇ ಬೀಗ ಸೋಲದೆ ತೆರೆಯುತ್ತದೆ. ಕಳ್ಳನು ಜೀವಮಾನವೆಲ್ಲ ಕಲಿತ ವಿದ್ಯೆ ಒಂದು ಉಚ್ಚಾರಕ್ಕೆ ಸಮ! 2014ರಲ್ಲಿ ಇದಕ್ಕೆ ಸೊಗಸಾದ ತಿದ್ದುಪಡಿಯಾಯಿತು. ಮಂತ್ರದಿಂದ ಬೀಗ ಈಗಲೂ ತೆರೆಯುತ್ತದೆ. ಆದರೆ 300 ಅಡಿ ದೂರಕ್ಕೆ ಕೇಳಿಸುವಂತೆ ದಡ್ ಎಂದು ಸದ್ದಾಗುತ್ತದೆ. ಕಾವಲುಗಾರರನ್ನು ಎಬ್ಬಿಸಬಾರದೆಂದಿದ್ದರೆ ಕಳ್ಳನನ್ನೇ ಕರೆಯಬೇಕು. ಯಾರ ಅಂಕವನ್ನೂ ಕೂಡಿಸಲಿಲ್ಲ, ಕಳೆಯಲಿಲ್ಲ; ಕಳ್ಳನಿಗೆ ಅವನ ಬಾಗಿಲು ಮರಳಿ ಸಿಕ್ಕಿತು.

ಯೋಧನಿಗೆ ಇಂಥ ಉಪಕಾರವಾದುದು ತಡವಾಗಿ. 2024ರ ಪರಿಷ್ಕರಣದಲ್ಲಿ ಆಯುಧಕ್ಕೆ ತಕ್ಕಂತೆ ಶತ್ರುವನ್ನು ಕೆಡಹುವ, ಹಿಂದಕ್ಕೆ ನೂಕುವ ಕೌಶಲಗಳು ಅವನಿಗೆ ದೊರೆತಿವೆ. ಕಾಳಗದ ಹೊರಗೂ, ಸೋತ ಪ್ರಯತ್ನವೊಂದಕ್ಕೆ ತನ್ನ ಮೀಸಲು ಶಕ್ತಿಯನ್ನು ತೆತ್ತು ಹತ್ತು ಮುಖದ ದಾಳವೊಂದನ್ನು ಕೂಡಿಸಿಕೊಳ್ಳುವ ಅವಕಾಶವಿದೆ. ಗೋಡೆ ಹತ್ತುವಲ್ಲಿ, ಬಾಗಿಲ ಕಾವಲಿನವನನ್ನು ಒಲಿಸುವಲ್ಲಿ ಇನ್ನು ಅವನೂ ಕೈಹಾಕಬಹುದು. ಸೂತ್ರಧಾರರಲ್ಲಿ ನಮ್ಮ ಬಿನ್ನಹವಿಷ್ಟು: ಪಾತ್ರಗಳನ್ನು ರಚಿಸಿಕೊಳ್ಳುವ ಮೊದಲ ಸಂಜೆಯೇ, ತಮ್ಮ ಕಥೆಯಲ್ಲಿ ದಿನವೊಂದಕ್ಕೆ ಎಷ್ಟು ಕಾಳಗಗಳು ಬರುವವು, ಮಲಗಲು ಎಲ್ಲಿ ಎಡೆ ಸಿಗುವುದು, ಎಲ್ಲಿ ಸಿಗದು ಎಂಬುದನ್ನು ಆಟಗಾರರಿಗೆ ತಿಳಿಸಿಬಿಡಲಿ. ಯಾವ ವರ್ಗವನ್ನು ಆರಿಸಬೇಕೆಂಬುದನ್ನು ಅವರು ಅದನ್ನು ಕೇಳಿಯೇ ನಿಶ್ಚಯಿಸಿಕೊಳ್ಳುವರು.