ಶಬ್ದ ಒಡೆಯುವುದು ಏನನ್ನು?



2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನಲ್ಲಿ ಭಾರೀ ಸದ್ದೊಂದು ಕೇಳಿಬಂದು ಮನೆಗಳ ಕಿಟಕಿ ಬಾಗಿಲುಗಳು ಅದುರಿದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಭೂಕಂಪವೆಂದು ಹೆದರಿದವರೂ ಇದ್ದರು. ವಾಯುಪಡೆಯ ವಿಮಾನವೊಂದು ಪರೀಕ್ಷಾರ್ಥವಾಗಿ ಶಬ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಹಾರಿದ್ದರಿಂದ ಅದು ಉಂಟಾಯಿತೆಂದು ರಕ್ಷಣಾ ಇಲಾಖೆ ತಿಳಿಸಿತು. ಹಾಗಾದರೆ ಶಬ್ದಕ್ಕೆ ವಸ್ತುಗಳನ್ನು ಒಡೆಯುವ ಶಕ್ತಿಯಿದೆಯೇ?

ಇದೆ, ಎರಡು ಬಗೆಯಲ್ಲಿದೆ. ವಿಮಾನದ್ದು ಒಂದೇ ಏಟು. ಇನ್ನೊಂದು, ಸಣ್ಣ ಸಣ್ಣ ತಳ್ಳುಗಳು ಒಟ್ಟುಗೂಡಿ ದೊಡ್ಡದಾಗುವ ಬಗೆ. ಅದೇ ಅನುರಣನೆ. ಪ್ರತಿ ವಸ್ತುವಿಗೂ ತನ್ನದೇ ಆದ ಸಹಜ ಆವೃತ್ತಿಯುಂಟು. ಉಯ್ಯಾಲೆಯನ್ನು ಅದರ ಲಯವರಿತು ತಳ್ಳಿದರೆ ಮಗುವಿನ ಕೈಬಲವೂ ಸಾಕು. ಶ್ರುತಿಗೂಡಿದ ತಂಬೂರಿಯ ಸಮೀಪ ಅದೇ ಸ್ವರವನ್ನು ಹಾಡಿದರೆ, ಯಾರೂ ಮೀಟದೆಯೇ ತಂತಿ ಮಿಡಿಯುತ್ತದೆ. ತೆಳುವಾದ ಗಾಜಿನ ಬಟ್ಟಲಿನ ಸಹಜ ಸ್ವರವನ್ನೇ ಗಟ್ಟಿಯಾಗಿ, ಬಿಡದೆ ಹಿಡಿದರೆ ಅದು ಸೀಳಬಲ್ಲದು. 1831ರಲ್ಲಿ ಇಂಗ್ಲೆಂಡಿನ ಬ್ರೌಟನ್ ತೂಗುಸೇತುವೆ ಸೈನಿಕರು ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದಾಗ ಕುಸಿಯಿತು. ಸೇತುವೆಯ ಮೇಲೆ ಹೆಜ್ಜೆ ಮುರಿದು ನಡೆಯಬೇಕೆಂಬ ನಿಯಮ ಬ್ರಿಟಿಷ್ ಸೇನೆಯಲ್ಲಿ ಬಂದದ್ದು ಆ ಬಳಿಕ.

ಈಗ ನಮ್ಮ ಬಡಾವಣೆಗಳಿಗೆ ಬರೋಣ. ಬಸವನಗುಡಿಯಲ್ಲಾಗಲಿ ಮಲ್ಲೇಶ್ವರದಲ್ಲಾಗಲಿ, ಗಣೇಶನ ಮೆರವಣಿಗೆಯ ದೊಡ್ಡ ಧ್ವನಿವರ್ಧಕಗಳ ಮಂದ್ರನಾದಕ್ಕೆ ಹಳೆಯ ಮನೆಗಳ ಕಿಟಕಿಗಾಜುಗಳು ಗಲಗಲಿಸುತ್ತವೆ. "ಗಾಜೇನೂ ಒಡೆಯಲಿಲ್ಲವಲ್ಲ, ಬಿಡಿ ಸಾರ್" ಎನ್ನುವವರಿದ್ದಾರೆ. ಅವರು ನೋಡಬೇಕಾದುದು ಕಿಟಕಿಯನ್ನಲ್ಲ, ಪಕ್ಕದಲ್ಲಿ ಕುಣಿಯುತ್ತಿರುವ ಮಕ್ಕಳ ಕಿವಿಯನ್ನು.

ಕಿವಿಯ ಒಳಗಿನ ಶಂಖದಂತಹ ಸುರುಳಿಯಲ್ಲಿ ಒಂದೊಂದು ಆವೃತ್ತಿಗೂ ಒಂದೊಂದು ತಾಣ ಸ್ಪಂದಿಸುತ್ತದೆ. ಅಲ್ಲಿ ಸುಮಾರು 15 ಸಾವಿರ ಸೂಕ್ಷ್ಮ ರೋಮಕೋಶಗಳಿವೆ. ಮನುಷ್ಯರಲ್ಲಿ ಇವು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೇಳಬಾರದೆಂದು ತಜ್ಞರ ಸಲಹೆ. ಪ್ರತಿ 3 ಡೆಸಿಬಲ್ ಏರಿದಂತೆ ಆ ಅವಧಿ ಅರ್ಧವಾಗುತ್ತದೆ. ಅಂದರೆ 100 ಡೆಸಿಬಲ್‌ಗೆ ಕಾಲು ಗಂಟೆ ಮಾತ್ರ. ಒಡೆದ ಗಾಜನ್ನು ಬದಲಾಯಿಸಬಹುದು, ಇದನ್ನು ಬದಲಾಯಿಸಲಾಗದು.

ಸದ್ದಿಲ್ಲದೆ ಹಬ್ಬವೇ ಎಂಬ ಆಕ್ಷೇಪವನ್ನು ನಾನು ಬಲ್ಲೆ. ಹಬ್ಬಕ್ಕೆ ನಾದ ಬೇಕು, ಒಪ್ಪುತ್ತೇನೆ. ಆದರೆ ನಾದವೆಂದರೆ ಅಬ್ಬರವಲ್ಲ. 1933ರಲ್ಲಿ ಬೆಂಗಳೂರಿಗೆ ಬಂದ ಸಿ.ವಿ. ರಾಮನ್ನರು 1934ರಲ್ಲಿ ನಮ್ಮ ಚರ್ಮವಾದ್ಯಗಳ ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದರು. ಮೃದಂಗದ ನಡುವಿನ ಕರಣೆ, ಅಂದರೆ ಆ ಕಪ್ಪು ಲೇಪ, ಅದರ ಉಪಸ್ವರಗಳನ್ನು ಒಂದಕ್ಕೊಂದು ಹೊಂದಿಸುತ್ತದೆ. ಅದರಿಂದಲೇ ಆ ಇಂಪು. ನಮ್ಮ ಹಿರಿಯ ಕುಶಲಕರ್ಮಿಗಳು ಕಂಪನವನ್ನು ಪಳಗಿಸಿದ್ದರು. ನಾವು ಅದನ್ನು ಬಿಚ್ಚಿಬಿಟ್ಟಿದ್ದೇವೆ.

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ನಿಯಮ ಪಾಲನೆಗೆ ಪೊಲೀಸರೇ ಬರಬೇಕೆಂದಿಲ್ಲ. ನಿಮ್ಮಲ್ಲಿ ಹಲವರು ಇಂದು ಉತ್ಸವ ಸಮಿತಿಗಳಲ್ಲಿದ್ದೀರಿ. ಈ ಸಲ ಆ ಭಾರೀ ಪೆಟ್ಟಿಗೆಗಳನ್ನು ಬಿಟ್ಟು ನಾದಸ್ವರ, ಡೋಲುಗಳನ್ನು ಕರೆಸಿ. ಮಕ್ಕಳನ್ನು ಧ್ವನಿವರ್ಧಕದ ಎದುರು ನಿಲ್ಲಿಸಬೇಡಿ. ನಾಳೆ ಅವರು ತಂಬೂರಿಯ ಮೆಲುದನಿಯನ್ನೂ ಕೇಳಬೇಕಲ್ಲವೇ?