ಜಡೆಗೆ ಕೈ ಮುಗೀತೀವಿ, ಕೈಗೆ ಕೆಲ್ಸ ಕೊಡಲ್ಲ

ಅಕ್ಕಾರೆ, ಅತ್ತಿಗೇರೆ, ನಮ್ಮ ಓಣಿಯ ಅವ್ವಾರೆ, ಈ ಸಲ ಉಪ್ಪಿನಕಾಯಿ ಹಪ್ಪಳದ ಮಾತಿಲ್ಲ. ಸಿಟ್ಟು ಬಂದೈತೆ, ಬರ್ದೇ ಬಿಡ್ತೀನಿ. ಓದಿ ನಿಮಗೆ ಚುಚ್ಚಿದ್ರೆ, ಬರೆಯೋವಾಗ ನನಗೂ ಚುಚ್ಚೈತೆ ಅಂತ ತಿಳ್ಕೊಳ್ರಿ.

ನಮ್ಮ ಚಿಗವ್ವನ್ನ ನೀವೆಲ್ಲಾ ನೋಡಿದೀರಿ. ತಲೇಲಿ ಜಡೆ ಬಂದಿರೋಳು. ನಾವು ಹೆಣ್ಕೊಂಡು ಹೂವ ಮುಡಿಯೋ ಜಡೆ ಅಲ್ಲ, ಕೂದ್ಲಿಗೆ ಕೂದ್ಲು ಹತ್ತಿ ಹಗ್ಗದಂಗೆ ಗಂಟಾಗಿರೋ ಜಡೆ. ಬೆಂಗ್ಳೂರಲ್ಲಿ ಹುಡುಗ್ರು ಪಾರ್ಲರಿಗೆ ಸಾವಿರಗಟ್ಲೆ ಕೊಟ್ಟು ಮಾಡಿಸ್ಕೊಂಡು ಡ್ರೆಡ್‌ಲಾಕ್ಸ್ ಅಂತಾರಲ್ಲ, ನೋಡೋಕೆ ಹೆಚ್ಚುಕಮ್ಮಿ ಅದೇ. ಅವರದ್ದು ಫ್ಯಾಷನ್ನು, ಚಿಗವ್ವಂದು ‘ಅಮ್ಮ ಒಲಿದಿದ್ದು’.

ಹೋದ ಮಂಗಳವಾರ ನಮ್ಮ ಪಕ್ಕದ ಬೀದಿಯ ಒಬ್ರು ಚಿಗವ್ವನ ಕಾಲಿಗೆ ಬಿದ್ದು, ಹಣೆಗೆ ಭಂಡಾರ ಹಚ್ಚಿಸ್ಕೊಂಡ್ರು. ಮೊಮ್ಮಗಳಿಗೆ ಜ್ವರ ಬಿಡ್ಲಿ ಅಂತ ಬೇಡ್ಕೊಂಡ್ರು. ಒಳ್ಳೇದೇ. ಮಾರನೇ ದಿನ ಅದೇ ಮನೇಲಿ ಗೃಹಪ್ರವೇಶದ ಅಡಿಗೆಗೆ ಆಳು ಬೇಕಂತ ಗೊತ್ತಾಗಿ ನಾನು ಚಿಗವ್ವನ ಹೆಸ್ರು ಹೇಳ್ದೆ. ‘ಅಯ್ಯೋ, ಬ್ಯಾಡ ಕಣಮ್ಮ. ಆಯಮ್ಮನ ತಲೆ ಹಂಗೈತಲ್ಲ, ನೆಂಟ್ರು ಊಟ ಮಾಡ್ತಾರಾ?’ ಅಂದ್ರು. ಮಂಗಳವಾರ ಪೂಜೆ ಮಾಡಿದ ತಲೆ ಬುಧವಾರಕ್ಕೆ ಹೇಸಿಗೆ ಆಯ್ತು ನೋಡ್ರಿ.

ಆ ಜಡೆ ಹೆಂಗೆ ಬಂತು ಅಂತ ಹೇಳ್ತೀನಿ ಕೇಳ್ರಿ. ಎರಡನೇ ಹೆರಿಗೆ ಆದ ಮೇಲೆ ಚಿಗವ್ವಗೆ ಕಾಮಾಲೆ ಆಗಿ ಎರಡು ತಿಂಗ್ಳು ಹಾಸಿಗೆ ಬಿಟ್ಟು ಏಳ್ಲಿಲ್ಲ. ನಮ್ಮ ತಲೇಲಿ ದಿನಾ ಐವತ್ತರಿಂದ ನೂರು ಕೂದ್ಲು ಉದುರ್ತಾವೆ. ಬಾಚಿದ್ರೆ ಬಾಚಣಿಗೆಗೆ ಬರ್ತಾವೆ. ಬಾಚದಿದ್ರೆ ಉದುರಿದ್ದು ಅಲ್ಲೇ ಸಿಕ್ಕು ಬಿದ್ದು, ಎಣ್ಣೆ, ಬೆವರು, ಧೂಳು ಕೂಡಿ ಗಂಟಾಗ್ತೈತೆ. ಎರಡು ತಿಂಗ್ಳಲ್ಲಿ ಆಕೆಯ ತಲೆಗೆ ಒಬ್ರೂ ಬಾಚಣಿಗೆ ಇಕ್ಕಲಿಲ್ಲ. ಮೂರನೇ ತಿಂಗ್ಳು ಒಬ್ಬ ಜೋಗಮ್ಮ ಬಂದು ‘ಅಮ್ಮ ಬಂದಾಳೆ, ಕತ್ತರಿ ಮುಟ್ಟಿಸಬ್ಯಾಡ್ರಿ’ ಅಂತ ಗಂಟಿನ ಮೇಲೆ ಭಂಡಾರ ಹಾಕಿ ಹೋದ್ಲು. ಅಲ್ಲಿಗೆ ಮುಗೀತು. ಆಗ ನಾನು ಹತ್ತನೇ ಕ್ಲಾಸು. ಅದೇ ಮನೇಲೇ ಇದ್ದೆ, ದಿನಾ ಕನ್ನಡಿ ಮುಂದೆ ನಿಂತು ನನ್ನ ತಲೆ ನಾನು ಬಾಚ್ಕೊಂಡೆ.

ಆಮೇಲಿನದ್ದು ಕೆಲಸದ ಕಥೆ. ಚಿಗವ್ವ ಒಂದು ಶಾಲೇಲಿ ಬಿಸಿಯೂಟದ ಅಡಿಗೆಗೆ ಇದ್ಲು. ತಲೆಗೆ ಟೋಪಿ ಇತ್ತು, ಟೋಪಿ ಮೇಲೆ ಸೆರಗೂ ಇತ್ತು. ಆದ್ರೂ ಯಾರೋ ತಾಯಿ ಬಂದು ‘ನಮ್ಮ ಮಗು ಸಾರಲ್ಲಿ ಏನು ಬೀಳ್ತೈತೋ’ ಅಂದ್ಲು. ಒಂದು ಕೂದ್ಲು ಬಿದ್ದಿದ್ದನ್ನ ಯಾರೂ ನೋಡ್ಲಿಲ್ಲ. ‘ಮುಂದಿನ ತಿಂಗ್ಳಿಂದ ಬರಬ್ಯಾಡ’ ಅಂದ್ರು. ಗಾರ್ಮೆಂಟ್ಸ್‌ಗೆ ಹೋದ್ಲು, ಮಿಷಿನ್ನಿಗೆ ಕೂದ್ಲು ಸಿಕ್ಕಿದ್ರೆ ಜವಾಬ್ದಾರಿ ಯಾರು ಅಂತ ಗೇಟಲ್ಲೇ ಕಳಿಸಿದ್ರು. ಆ ಮಾತಲ್ಲಿ ಒಂದಿಷ್ಟು ನಿಜ ಐತೆ, ಒಪ್ತೀನಿ. ಆದ್ರೆ ಆ ಗೇಟಲ್ಲೇ ಮೊಣಕಾಲುದ್ದ ಜಡೆಯ ಹುಡುಗೇರು ತುರುಬು ಕಟ್ಟಿ, ಬಟ್ಟೆ ಸುತ್ಕೊಂಡು ಒಳಗೆ ಹೋಗ್ತಿದ್ರು. ಇವಳಿಗೂ ಒಂದು ಬಟ್ಟೆ ಕೊಡಬಹುದಿತ್ತು.

ಈಗ ಉಳಿದಿರೋದು ಮೆಕ್ಕೆಜೋಳದ ಕಳೆ, ಶೇಂಗಾ ಬಿಡಿಸೋದು. ಮಳೆ ಕೈ ಕೊಟ್ಟ ವರ್ಷ ನಮ್ಮ ಜಗಳೂರು ಸೀಮೇಲಿ ಅದೂ ಇಲ್ಲ ಅಂತ ನಿಮಗೆ ನಾನೇನು ಹೇಳ್ಬೇಕು? ಅದಕ್ಕೇ ಮಂಗಳವಾರ, ಶುಕ್ರವಾರ ಐದು ಮನೆ ಜೋಗ ಬೇಡ್ತಾಳೆ. ಜಡೆ ದುಡಿಯೋ ಕೆಲಸ ಕಿತ್ಕೊಂಡು ಬೇಡೋ ಕೆಲಸ ಕೊಡ್ತು. ಆ ಕೆಲಸಕ್ಕೆ ಮಾತ್ರ ನಾವ್ಯಾರೂ ‘ತಲೆ ಹಂಗೈತೆ’ ಅನ್ನಲ್ಲ, ಮೊರದ ತುಂಬ ಅಕ್ಕಿ ತಂದು ಹಾಕ್ತೀವಿ.

ಇಷ್ಟಕ್ಕೇ ನಿಲ್ಲಲ್ಲ ಇದು. ನಮಗೆ ಹತ್ರದ ಉಚ್ಚಂಗಿದುರ್ಗಕ್ಕೆ ಭರತ ಹುಣ್ಣಿಮೆಗೆ ಹೋದೋರಿಗೆ ಗೊತ್ತು, ಹೆಣ್ಮಕ್ಕಳಿಗೆ ಮುತ್ತು ಕಟ್ತಾರೇನೋ ಅಂತ ಪೊಲೀಸರು ಕಾಯ್ತಾರೆ. ಹುಡುಗಿಗೆ ಜಡೆ ಬಂತು, ದೇವಿ ಕೇಳ್ತಾಳೆ ಅಂತ ಎಷ್ಟೋ ಮಕ್ಕಳನ್ನ ಬಿಟ್ಟಿದಾರೆ. ದೇವದಾಸಿ ಬಿಡೋದನ್ನ ನಿಷೇಧ ಮಾಡಿದ ಕಾಯ್ದೆ 1982ರದ್ದು. ಅದಾದ ಮೇಲೆ ಸರ್ಕಾರ 1993-94ರಲ್ಲಿ, 2007-08ರಲ್ಲಿ ಎಣಿಸಿದಾಗ ಸಿಕ್ಕ ದೇವದಾಸಿಯರು ಒಟ್ಟು 46,660. ಎಲ್ಲರಿಗೂ ಜಡೆಯಿಂದಲೇ ಆಯ್ತು ಅಂತ ನಾನು ಹೇಳಲ್ಲ. ಆದ್ರೆ ಬಾಚಣಿಗೆ ಇಕ್ಕದ ಒಂದು ತಲೆಯಿಂದ ಒಂದು ಬದುಕು ಎಲ್ಲಿಗೆ ಹೋಗಬಹುದು ಅನ್ನೋದನ್ನ ನೋಡ್ರಿ.

ದೂರದ ಅಮೆರಿಕದ್ದೂ ಒಂದು ಹೇಳ್ತೀನಿ. ಅಲಬಾಮಾ ರಾಜ್ಯದಲ್ಲಿ ಮೊಬೈಲ್ ಅಂತಲೇ ಒಂದು ಊರೈತೆ. ಅಲ್ಲಿ 2010ರಲ್ಲಿ ಒಬ್ಬ ಕಪ್ಪು ಹೆಣ್ಮಗಳಿಗೆ ಫೋನಲ್ಲಿ ಗ್ರಾಹಕರ ಜೊತೆ ಮಾತಾಡೋ ಕೆಲಸ ಸಿಕ್ತು. ಆಮೇಲೆ ‘ಡ್ರೆಡ್‌ಲಾಕ್ಸ್ ಕತ್ತರಿಸ್ಕೊಂಡು ಬಾ’ ಅಂದ್ರು. ಆಕೆ ಒಲ್ಲೆ ಅಂದ್ಲು, ಕೆಲಸ ಹೋಯ್ತು. ಫೋನಲ್ಲಿ ಯಾರಿಗೆ ಕಾಣ್ತೈತೆ ಕೂದ್ಲು? ಸರ್ಕಾರದ ಆಯೋಗವೇ ಆಕೆ ಪರ ಕೋರ್ಟಿಗೆ ಹೋಯ್ತು, 2016ರಲ್ಲಿ ಮೇಲಿನ ಕೋರ್ಟಲ್ಲೂ ಸೋತ್ರು. ಆದ್ರೂ ಮಾತು ಸಾಯ್ಲಿಲ್ಲ. 2019ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಇಂಥ ಕೂದಲಿನ ನೆವ ಮಾಡಿ ಕೆಲಸ ತಪ್ಪಿಸಬಾರದು ಅಂತ ಕ್ರೌನ್ ಕಾಯ್ದೆ ಮಾಡ್ತು. ಆಕೆಗೆ ಆ ಕೂದ್ಲು ಬೇಕಿತ್ತು, ತೆಗಿ ಅಂದ್ರು. ನಮ್ಮ ಚಿಗವ್ವಗೆ ಬ್ಯಾಡ ಆಗಿತ್ತು, ತೆಗೀಬ್ಯಾಡ ಅಂದ್ವಿ. ಎರಡು ಕಡೇನೂ ತಲೆ ಒಬ್ಬರದ್ದು, ತೀರ್ಮಾನ ಇನ್ನೊಬ್ಬರದ್ದು.

ನೀವು ಏನಂತೀರಿ ಅಂತ ಗೊತ್ತು. ‘ಕತ್ತರಿಸಿದ್ರೆ ರಕ್ತ ಬರ್ತೈತೆ, ಅಮ್ಮ ಮುನೀತಾಳೆ.’ ಕೂದಲಲ್ಲಿ ರಕ್ತ ಇಲ್ಲ ಕಣ್ರಮ್ಮ. ಇದ್ದಿದ್ರೆ ನಮ್ಮ ಗಂಡಸ್ರು ಕ್ಷೌರದ ಅಂಗಡಿಯಿಂದ ಆಸ್ಪತ್ರೆಗೇ ಹೋಗ್ಬೇಕಿತ್ತು. ಮಹಾರಾಷ್ಟ್ರದ ಪುಣೆ ಕಡೆ ನಂದಿನಿ ಜಾಧವ್ ಅಂತ ಒಬ್ರು ಇದಾರೆ, ಮುಂಚೆ ಬ್ಯೂಟಿ ಪಾರ್ಲರ್ ಕೆಲಸದೋರು. ದಾಭೋಲ್ಕರ್ ಅವರು ಕಟ್ಟಿದ ಅಂಧಶ್ರದ್ಧಾ ನಿರ್ಮೂಲನ ಸಮಿತಿ ಸೇರಿ, ಹೆಂಗಸರಿಗೆ ಸಮಾಧಾನ ಹೇಳಿ ನೂರಾರು ಜನರ ಜಡೆ ತೆಗ್ದಿದಾರೆ. ಕತ್ತಿನ ಭಾರ ಇಳೀತು, ತಲೆ ಹಗುರ ಆಯ್ತು, ಅಷ್ಟೇ.

ಹಂಗಂತ ಹಿಡಿದು ಕತ್ತರಿಸ್ರಿ ಅಂತಲೂ ಹೇಳ್ತಿಲ್ಲ. ನನಗೂ ಆ ಹುಮ್ಮಸ್ಸು ಬಂದಿತ್ತು. ಕತ್ತರಿ ತಗೊಂಡೇ ಹೋಗಿದ್ದೆ. ಚಿಗವ್ವ ನನ್ನ ಮುಖ ನೋಡಿ ಕೇಳಿದ್ಲು: ‘ತೆಗೆಸ್ಕೊಂತೀನಿ ಕಣೇ. ಮಂಗಳವಾರದ ಅಕ್ಕಿ ನಿಲ್ತೈತೆ. ಬುಧವಾರ ಕೆಲಸ ನೀನು ಕೊಡಿಸ್ತೀಯಾ?’ ನನ್ನ ಹತ್ರ ಉತ್ತರ ಇರ್ಲಿಲ್ಲ. ಯಾಕಂದ್ರೆ ನನ್ನ ಮಗಳನ್ನ ನೋಡೋಕೆ ಬೀಗರು ಬಂದ ದಿನ, ‘ಚಿಗವ್ವ, ನೀನು ಹಿತ್ತಲಲ್ಲೇ ಇರು’ ಅಂದೋಳು ನಾನೇ. ಆಕೆ ಇದ್ಲು. ತಣ್ಣಗಾದ ಅನ್ನ ಉಂಡ್ಲು. ಒಂದು ಮಾತು ಆಡ್ಲಿಲ್ಲ.

ಅದಕ್ಕೇ ಈಗ ಕೇಳ್ತೀನಿ. ಮನೇಲಿ ಹೆಣ್ಣುಮಗಳು ಕಾಯಿಲೆ ಬಿದ್ರೆ, ಬಾಣಂತಿ ಆದ್ರೆ, ಔಷಧಿ ಜೊತೆ ಬಾಚಣಿಗೇನೂ ತಗೊಂಡು ಹೋಗ್ರಿ. ಗಂಟು ಬಿದ್ರೆ ಭಂಡಾರ ಅಲ್ಲ, ಕೊಬ್ಬರಿ ಎಣ್ಣೆ ಹಚ್ಚಿ ಬಿಡಿಸ್ರಿ, ಬಿಡಿಸೋಕೆ ಆಗದಿದ್ರೆ ಅಷ್ಟೇ ಜಾಗ ಕತ್ತರಿಸ್ರಿ. ಜಡೆ ಇರೋಳು ಕೆಲಸ ಕೇಳ್ಕೊಂಡು ಬಂದ್ರೆ ಕೈ ನೋಡ್ರಿ, ತಲೆಗೆ ಒಂದು ಬಟ್ಟೆ ಕೊಡ್ರಿ. ತೆಗೀಬೇಕೋ ಬ್ಯಾಡವೋ ಆಕೆ ಹೇಳ್ಲಿ.

ನಮ್ಮ ಮನೇಲಿ ಮುಂದಿನ ತಿಂಗ್ಳು ಮೊಮ್ಮಗಂದು ನಾಮಕರಣ. ನಿಮಗೆಲ್ಲಾ ಕರಿಯೋಕೆ ಬರ್ತೀನಿ. ಅಡಿಗೆ ಚಿಗವ್ವಂದೇ, ಪೂರ್ತಿ ಕೂಲಿ ಕೊಟ್ಟು. ಹೋಳಿಗೆ ಆಕೆಯಂಗೆ ಮಾಡೋರು ಈ ಓಣೀಲಿ ಯಾರೂ ಇಲ್ಲ, ನಿಮಗೂ ಗೊತ್ತು. ಬರೋರು ಬರ್ರಿ. ಬರದಿದ್ದೋರು ಮುಂದಿನ ಮಂಗಳವಾರ ಆಕೆ ಕಾಲಿಗೆ ಬೀಳೋಕೂ ಬರಬ್ಯಾಡ್ರಿ.